ಮಂಡ್ಯದ ಮೊದಲ ಮತ್ತು ಕೊನೆಯ ಟ್ರಾಮು

ಮಂಡ್ಯಕ್ಕೆ ಏನು ಕೊರತೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಗೊತ್ತಿದ್ದವನು ಇಡೀ ಜಿಲ್ಲೆಯಲ್ಲಿ ನಾನೊಬ್ಬನೇ. ಟ್ರಾಮು! ನಮ್ಮಲ್ಲಿ ಕಬ್ಬಿದೆ, ಬೆಲ್ಲವಿದೆ, ಮದ್ದೂರಿನಲ್ಲಿ ವಡೆಯಿದೆ, ವರ್ಷವರ್ಷವೂ ಕೊಕ್ಕರೆ ಬೆಳ್ಳೂರನ್ನೇ ಹುಡುಕಿಕೊಂಡು ಬಂದು ಗೂಡು ಕಟ್ಟುವ ಹಕ್ಕಿಗಳೂ ಇವೆ. ಟ್ರಾಮು ಮಾತ್ರ ಇಲ್ಲ. ಇಷ್ಟು ವರ್ಷ ಯಾರ ಕಣ್ಣಿಗೂ ಇದು ಬೀಳದೇ ಇದ್ದದ್ದು ನನಗೆ ಇವತ್ತಿಗೂ ಆಶ್ಚರ್ಯ.

ನನ್ನ ಕಣ್ಣಿಗೆ ಬಿದ್ದದ್ದು ಕಲ್ಕತ್ತೆಯಲ್ಲಿ. ನಿವೃತ್ತರೆಲ್ಲ ಸೇರಿ ಪ್ರವಾಸ ಹೋಗಿದ್ದೆವು. ಗಂಟೆ ಬಾರಿಸುತ್ತಾ ಹಳಿಯ ಮೇಲೆ ಬಂದ ಟ್ರಾಮು ಹತ್ತಿ, ಎರಡು ಸ್ಟಾಪು ಕೂತು, ಇಳಿದು, ಅದರ ಮುಂದೆ ನಿಂತು ಮೊಬೈಲಿನಲ್ಲಿ ನನ್ನ ಫೋಟೋ ನಾನೇ ತೆಗೆದುಕೊಂಡೆ. ಅಷ್ಟು ಹೊತ್ತಿಗೆ ತೀರ್ಮಾನವಾಗಿಹೋಗಿತ್ತು. ಮಂಡ್ಯದಲ್ಲೊಂದು ಟ್ರಾಮ್ ಮ್ಯೂಸಿಯಂ ಆಗತಕ್ಕದ್ದು. ಹಗ್ಗ ಕಟ್ಟಿ 'ಮುಟ್ಟಬೇಡಿ' ಎಂದು ಬೋರ್ಡು ಹಾಕುವ ಮ್ಯೂಸಿಯಂ ಅಲ್ಲ, ಟ್ರಾಮು ನಿಜವಾಗಿ ಓಡುವ ಮ್ಯೂಸಿಯಂ!

ಮನೆಗೆ ಬಂದವನೇ ಹೆಂಡತಿ ಸಾಕಮ್ಮನಿಗೆ ಹೇಳಿದೆ. ಅವರೆಕಾಯಿ ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಮಂಡ್ಯದಲ್ಲಿ ಯಾವತ್ತಾರ ಟ್ರಾಮು ಓಡಿತ್ತಾ?"

"ಇಲ್ಲ."

"ಇಲ್ದೇ ಇದ್ದುದ್ಕೆ ಯಾತರ ಮ್ಯೂಸಿಯಮ್ಮು ರೀ?"

"ಅದ್ಕೇ ಕಣೇ ಬೇಕಾಗಿರದು! ಇದ್ದಿದ್ರೆ ಜನ ಆಗ್ಲೇ ನೋಡ್ಬುಟ್ಟಿರೋರು."

ಸಾಕಮ್ಮ ಒಂದು ಹುಳುಕು ಕಾಳು ಆರಿಸಿ ಆಚೆ ಎಸೆದಳು. ನನ್ನ ಕಡೆಗೇ ಎಸೆದಳೆಂದು ನಾನು ಹೇಳುವುದಿಲ್ಲ.

ಈ ಮಹತ್ಕಾರ್ಯಕ್ಕೆ ನನಗೇನು ಅರ್ಹತೆ ಎಂದು ನೀವು ಕೇಳಬಹುದು. ಶಿವನಸಮುದ್ರದ ವಿದ್ಯುತ್ ಕೇಂದ್ರದಲ್ಲಿ ಮೂವತ್ತು ವರ್ಷ ದುಡಿದವನು ನಾನು. ಅಲ್ಲಿ ಬೆಟ್ಟದ ಮೇಲಿನಿಂದ ಕೆಳಗಿನ ಪವರ್ ಹೌಸಿಗೆ ಹಳಿಯ ಮೇಲೆ ಟ್ರಾಲಿ ಇಳಿಯುತ್ತದೆ. ದಿನಾ ಅದರಲ್ಲೇ ಹತ್ತಿ ಇಳಿದವನಿಗೆ ಹಳಿಯ ವಿದ್ಯೆಯನ್ನು ಬೇರೆಯವರು ಹೇಳಿಕೊಡಬೇಕೆ? ನಾನಿದ್ದದ್ದು ಸ್ಟೋರಿನಲ್ಲಿ, ನಟ್ಟು ಬೋಲ್ಟು ಎಣಿಸುವ ಕೆಲಸದಲ್ಲಿ ಎಂಬುದನ್ನೂ, ಟ್ರಾಲಿ ನಡೆಸುವವರು, ಬ್ರೇಕು ಹಾಕುವವರು ಬೇರೆಯೇ ಇದ್ದರು ಎಂಬುದನ್ನೂ ನಾನು ಯಾರಿಂದಲೂ ಮುಚ್ಚಿಟ್ಟಿಲ್ಲ. ಯಾರೂ ಕೇಳಲಿಲ್ಲ, ಅಷ್ಟೆ.

ಜಾಗವೂ ಕಣ್ಣ ಮುಂದೆಯೇ ಇತ್ತು. ನಮ್ಮ ಬಡಾವಣೆಯ ಹಿಂದೆ, ಕೊನೆಯ ರಸ್ತೆಗೂ ಕಬ್ಬಿನ ಗದ್ದೆಗೂ ನಡುವೆ, ಉದ್ದಕ್ಕೆ ಒಂದು ಪಟ್ಟೆ ಜಮೀನು ಬಡಾವಣೆಯ ಸಂಘಕ್ಕೆ ಸೇರಿದ್ದು. ಮೇಲ್ತುದಿಯಲ್ಲಿ ಸಮತಟ್ಟು, ಅಲ್ಲಿಂದ ಕೆಳಕ್ಕೆ ಸ್ವಲ್ಪ ಇಳಿಜಾರು. ಆದರೆ ಈ ಜಾಗಕ್ಕೆ ಆಗಲೇ ಒಂದು ಅರ್ಜಿ ಬಿದ್ದಿತ್ತು. ಹೆಂಗಸರೆಲ್ಲ ಸೇರಿ ಅಲ್ಲೊಂದು ನಡೆಯುವ ದಾರಿ ಮಾಡಿ, ಕೂರಲು ನಾಲ್ಕು ಬೆಂಚು ಹಾಕಿಸಿಕೊಡಿ ಎಂದು ಬರೆದುಕೊಟ್ಟಿದ್ದರು. ಮೊದಲ ಸಹಿ ನನ್ನ ಹೆಂಡತಿಯದು!

ಸಾಕಮ್ಮನಿಗೆ ಮಂಡಿನೋವು. ದಿನಾ ನಡೆಯಲೇಬೇಕು ಎಂದು ಡಾಕ್ಟರು ಹೇಳಿದ್ದರು. ನಡೆಯಲು ಇರುವುದು ಒಂದೇ ಮೇನ್ ರೋಡು. ಕಬ್ಬು ಅರೆಯುವ ಕಾಲದಲ್ಲಿ ಆ ರೋಡಿನ ತುಂಬ ಕಬ್ಬಿನ ಟ್ರಾಕ್ಟರು. ಒಂದು ಸಲ ಹೊರಗೆ ಚಾಚಿಕೊಂಡಿದ್ದ ಕಬ್ಬಿಗೆ ಅವಳ ಸೆರಗು ಸಿಕ್ಕಿ, ಹತ್ತು ಹೆಜ್ಜೆ ಟ್ರಾಕ್ಟರಿನ ಜೊತೆಗೇ ಓಡಿ ಬಿಡಿಸಿಕೊಂಡು ಬಂದಿದ್ದಳು. ಅವತ್ತು ನಾನು ಹೇಳಿದ ಸಮಾಧಾನದ ಮಾತು, "ನೋಡ್ದಾ, ಓಡಕ್ಕೂ ಆಯ್ತದೆ ನಿಂಗೆ!" ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಅವತ್ತು ಆಗಲಿಲ್ಲ.

ಸಂಘದ ಸಭೆಯಲ್ಲಿ ನಾನು ಮುಕ್ಕಾಲು ಗಂಟೆ ಮಾತಾಡಿದೆ. ಪ್ರವಾಸಿಗರು ಮುತ್ತತ್ತಿಗೆ ಹೋಗುವ ಮುಂಚೆ ಟ್ರಾಮು ನೋಡಿಕೊಂಡು ಹೋಗುತ್ತಾರೆ ಎಂದೆ. ಶಿವನಸಮುದ್ರಕ್ಕೆ ಹೋಗಿ ಬಂದವರು ಮತ್ತೊಮ್ಮೆ ನೋಡುತ್ತಾರೆ ಎಂದೆ. ನಮ್ಮ ಬಡಾವಣೆಯ ಹೆಸರು ಮಳವಳ್ಳಿಯ ಆಚೆಗೂ ಹಬ್ಬುತ್ತದೆ ಎಂದೆ. ಅಧ್ಯಕ್ಷ ಬೋರೇಗೌಡ ಮಳವಳ್ಳಿ ಕಡೆಯವನು, ನನ್ನ ಜೊತೆಗೇ ಓದಿದವನು. ಆ ಕೊನೆಯ ಮಾತಿಗೆ ಕರಗಿಹೋದ.

"ಒಂದ್ ಕೆಲ್ಸ ಮಾಡ್ಲಾ ಪುಟ್ಟಸ್ವಾಮಿ," ಎಂದ. "ಒಂದ್ ಟ್ರಾಮು ಮಾಡಿ, ಮ್ಯಾಲಿಂದ ಕೆಳ್ಗಂಟ ಒಂದ್ಸಲ ಓಡಿಸ್ ತೋರ್ಸು. ಓಡ್ತಾ, ಜಾಗ ನಿಂದು. ಓಡ್ನಿಲ್ವಾ, ಎಣ್ಮಕ್ಕಳದು."

ಮನೆಗೆ ಬರುವ ದಾರಿಯಲ್ಲಿ ಸಾಕಮ್ಮನಿಗೆ ಉದಾರವಾಗಿ ಹೇಳಿದೆ, "ಯಾಕೆ ಬೇಜಾರು? ಇನ್ಮೇಲೆ ನೀನು ನಡೆಯದೇ ಬ್ಯಾಡ. ಟ್ರಾಮಲ್ಲಿ ಕೂರಿಸ್ಕಂಡು ಓಯ್ತೀನಿ."

"ಡಾಕ್ಟ್ರು ನಡಿ ಅಂದವ್ರೆ, ಕೂತ್ಕ ಅಂದಿಲ್ಲ," ಎಂದಳು.

ಟ್ರಾಮು ಕಟ್ಟಲು ಒಪ್ಪಿದವನು ಮದ್ದೂರಿನ ಅಕ್ರಂ ಪಾಷಾ. ಕಬ್ಬಿನ ಟ್ರೇಲರು ಮಾಡುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಹಳೆಯ ಟ್ರೇಲರಿನ ಚಾಸಿ, ಗುಜರಿಯಿಂದ ಆರಿಸಿ ತಂದ ಹಳಿ, ಬ್ಯಾಟರಿ ಆಟೋದ ಮೋಟರು, ಎಲ್ಲವನ್ನೂ ಕೂಡಿಸಿದ. ನಕ್ಷೆ ಎಲ್ಲಿ ಎಂದು ಕೇಳಿದಾಗ ಕಲ್ಕತ್ತೆಯ ನನ್ನ ಫೋಟೋ ಕೊಟ್ಟೆ. ಟ್ರಾಮಿನ ಹಣೆಯ ಮೇಲೆ ಬಂಗಾಳಿಯಲ್ಲಿ ಏನೋ ಬರೆದಿತ್ತು. ಅದನ್ನೂ ಹಾಗೇ ಬರೆಯಬೇಕೆಂದು ಕಟ್ಟಪ್ಪಣೆ ಮಾಡಿದೆ.

"ಏನ್ ಬರ್ದದೆ ಅಣ್ಣ ಇದು?"

"ನಂಗೂ ಗೊತ್ತಿಲ್ಲ. ನೋಡ್ಕಂಡು ಬರಿ. ಒಂದು ಗೆರೆ ಆಚೀಚೆ ಆಗ್ಬಾರ್ದು."

ಒಂದು ಗೆರೆಯೂ ಆಚೀಚೆ ಆಗಲಿಲ್ಲ. ಹಸಿರು ಬಣ್ಣ, ಸಾಲು ಕಿಟಕಿ, ಹಿತ್ತಾಳೆ ಗಂಟೆ, ತಿರುಗಿಸುವ ಬ್ರೇಕು! ಹಳಿಯ ಮೇಲೆ ಇಳಿಸಿದಾಗ ಒಂದೇ ಒಂದು ತೊಂದರೆ ಕಾಣಿಸಿತು. ಟ್ರಾಮು ಕಲ್ಕತ್ತೆಯ ಹಾಗೆ ಎಡಗಡೆಗೆ ಬಾಗಿಲು ಇಟ್ಟುಕೊಂಡು ರಸ್ತೆಯ ಕಡೆ ನಿಲ್ಲಬೇಕಿತ್ತು. ಅಕ್ರಂ ಬಾಗಿಲನ್ನು ಬಲಗಡೆಗೆ ಇಟ್ಟಿದ್ದ. ತೆರೆದರೆ ನೇರವಾಗಿ ಕಬ್ಬಿನ ಗದ್ದೆ!

"ಫೋಟೋದಾಗೆ ಈ ಕಡೀಕೇ ಅದೆ ಅಣ್ಣ."

"ಎರಡು ಸ್ಟಾಪು ಕೂತ್ಕಂಡು ಬಂದೋನು ನಾನಾ, ನೀನಾ?" ಎಂದು ಗದರಿಸಿದೆ. ಬದಲಾಯಿಸಲು ಹೊತ್ತಿರಲಿಲ್ಲ. ಕಿಟಕಿಗೆ ಏಣಿ ಹಾಕುವುದೆಂದು ತೀರ್ಮಾನವಾಯಿತು.

ಸಂಘದವರ ಮುಂದೆ ಓಡಿಸುವುದು ಶುಕ್ರವಾರ ಎಂದು ಗೊತ್ತಾಗಿತ್ತು. ಹಿಂದಿನ ದಿನ ಅಕ್ರಂ ಮೂರು ಸಲ ಓಡಿಸಿ ತೋರಿಸಿದ. ಮೂರು ಸಲವೂ ಹೇಳಿದ ಜಾಗಕ್ಕೆ ಸರಿಯಾಗಿ ನಿಂತಿತು. "ಶುಕ್ರವಾರ ನಮಾಜ್ ಮುಗಿಸ್ಕಂಡು ಬಂದ್ಬುಡ್ತೀನಿ ಅಣ್ಣ. ಅಲ್ಲೀಗಂಟ ಮುಟ್ಬ್ಯಾಡಿ. ಕಂಬಿ ಮ್ಯಾಲೆ ಎಣ್ಣೆ, ನೀರು ಏನೂ ಬೀಳ್ಕೂಡ್ದು," ಎಂದು ಹೇಳಿ ಹೋದ.

ಆದರೆ ರಾಹುಕಾಲ ಹನ್ನೆರಡಕ್ಕೆ ಮುಗಿಯುತ್ತಿತ್ತು. ಹನ್ನೆರಡೂವರೆಯ ಮುಹೂರ್ತ ಬಿಟ್ಟು ನಾನು ನಮಾಜಿಗೆ ಕಾಯಲೇ? ಮೂವತ್ತು ವರ್ಷ ಟ್ರಾಲಿ ಹತ್ತಿದವನು!

ಹೊಸ ಗಾಡಿ ಎಂದ ಮೇಲೆ ಪೂಜೆಯಾಗಲೇಬೇಕು. ಸೈಕಲ್ಲಿಗೇ ನಿಂಬೆಹಣ್ಣು ಇಡುವ ಊರು ನಮ್ಮದು. ಜಿಲ್ಲೆಗೇ ಒಂದು ಟ್ರಾಮಿರುವಾಗ ಎಷ್ಟು ಜನರ ಕಣ್ಣು ಬೀಳಬೇಡ! ಒಂದು ಬೂದುಗುಂಬಳಕಾಯಿಯಿಂದ ಇಷ್ಟೊಂದು ದೃಷ್ಟಿ ತೆಗೆಯಲು ಸಾಧ್ಯವೇ ಇಲ್ಲ ಎಂದು ಲೆಕ್ಕ ಹಾಕಿ, ಬಡಾವಣೆಯ ವಾಟ್ಸಾಪ್ ಗುಂಪಿಗೆ ನಾನೇ ಖುದ್ದಾಗಿ ಸುತ್ತೋಲೆ ಹೊರಡಿಸಿದ್ದೆ. "ಪ್ರತಿ ಮನೆಯವರೂ ತಲಾ ಒಂದು ಬೂದುಗುಂಬಳಕಾಯಿಯೊಂದಿಗೆ ಹಾಜರಿರತಕ್ಕದ್ದು. ನೂಕುನುಗ್ಗಲು ಆಗದಂತೆ ಹಳಿಯುದ್ದಕ್ಕೂ ಸಾಲಾಗಿ ನಿಂತು, ಶಿಳ್ಳೆ ಹಾಕಿದ ಕೂಡಲೇ ಹಳಿಯ ಮೇಲೆಯೇ ಒಡೆಯತಕ್ಕದ್ದು."

ಜನ ಸುತ್ತೋಲೆಯನ್ನು ಅಕ್ಷರಶಃ ಪಾಲಿಸಿದರು. ನಾನು ಶಿಳ್ಳೆ ಹಾಕಿದೆ. ಮೇಲಿನಿಂದ ಕೆಳಗಿನವರೆಗೆ ಎರಡೂ ಹಳಿಗಳ ಮೇಲೆ ಕುಂಬಳಕಾಯಿಯ ತಿರುಳು, ಬೀಜ, ಕುಂಕುಮದ ನೀರು! ಎಣ್ಣೆಯನ್ನು ಮಾತ್ರ ಒಂದು ತೊಟ್ಟೂ ಬೀಳಲು ನಾನು ಬಿಡಲಿಲ್ಲ.

ಬೋರೇಗೌಡ ಬಿಳಿ ಪಂಚೆ, ಬಿಳಿ ಶರ್ಟು ಹಾಕಿಕೊಂಡು ಬಂದಿದ್ದ. ಅವನನ್ನೂ ನಾಲ್ಕು ಜನ ಪದಾಧಿಕಾರಿಗಳನ್ನೂ ಏಣಿ ಹತ್ತಿಸಿ ಕಿಟಕಿಯಿಂದ ಒಳಗೆ ತುರುಕಿದ್ದಾಯಿತು. ನಾನು ಖಾಕಿ ಕೋಟು ತೊಟ್ಟು ಡ್ರೈವರ್ ಜಾಗದಲ್ಲಿ ನಿಂತೆ. ಕೆಳಗಡೆ ಹಳಿ ಮುಗಿಯುವ ಕಡೆ ಪೆಂಡಾಲು. ಅಲ್ಲಿ ಸಾಕಮ್ಮ ಸೌಟು ಹಿಡಿದು ಕೇಸರಿಬಾತಿನ ಪಾತ್ರೆಯ ಪಕ್ಕ ನಿಂತಿದ್ದಳು. ತಾನು ಸೋಲಲಿದ್ದ ಸಭೆಗೂ ತಿಂಡಿ ಮಾಡಿಕೊಂಡು ಬಂದಿದ್ದಳು!

ಗಂಟೆ ಬಾರಿಸಿ ಕರೆಂಟು ಕೊಟ್ಟೆ. ಚಕ್ರ ತಿರುಗಿತು. ಟ್ರಾಮು ಕದಲಲಿಲ್ಲ.

ಇನ್ನಷ್ಟು ಕೊಟ್ಟೆ. ಚಕ್ರ ಭರ್ರೆಂದು ತಿರುಗಿ ಹಿಂದೆ ನಿಂತವರ ಮೈಗೆಲ್ಲ ಕುಂಬಳಕಾಯಿ ಎರಚಿತು.

"ಏನ್ಲಾ ಇದು, ನಿಂತಲ್ಲೇ ಓಡ್ತದಲ್ಲಾ!" ಬೋರೇಗೌಡ ಕಿಟಕಿಯಿಂದ ಕತ್ತು ಹೊರಗೆ ಹಾಕಿದ.

"ಹೊಸ್ದು ಕಣಣ್ಣ, ನಾಚ್ಕತಾ ಅದೆ," ಎಂದು ಯಾರೋ ಕೂಗಿದರು. ಜನ ನಕ್ಕರು. ನನಗೆ ರೇಗಿತು. ನಾಲ್ಕು ಜನ ಗಟ್ಟಿಮುಟ್ಟಾದವರು ಬಂದು ತಳ್ಳಿ ಎಂದೆ. ನಾಲ್ಕು ಎಂದರೆ ಹದಿನೈದು ಜನ ಬಂದರು. ತಳ್ಳಿಯೇ ಬಿಟ್ಟರು.

ಟ್ರಾಮು ಹೊರಟಿತು! ಚಪ್ಪಾಳೆ, ಕೇಕೆ! ಗಂಟೆ ಬಾರಿಸುತ್ತಾ ಕೈ ಬೀಸಿದೆ. ಅರ್ಧ ದಾರಿಯಲ್ಲಿ, ವೇಗ ಸ್ವಲ್ಪ ಹೆಚ್ಚಾಯಿತಲ್ಲ ಎನಿಸಿ ಬ್ರೇಕು ತಿರುಗಿಸಿದೆ. ಅಕ್ರಂ ಮಾಡಿದ ಬ್ರೇಕಿಗೆ ಹೆಸರಿಡುವ ಹಾಗಿರಲಿಲ್ಲ. ಚಕ್ರಗಳು ತಕ್ಷಣ ನಿಂತವು.

ಟ್ರಾಮು ನಿಲ್ಲಲಿಲ್ಲ.

ನಿಂತ ಚಕ್ರಗಳ ಮೇಲೆ, ಹಳಿಯುದ್ದಕ್ಕೂ ನಾನೇ ಬಳಿಸಿದ್ದ ತಿರುಳಿನ ಮೇಲೆ, ಅದು ಸದ್ದೇ ಇಲ್ಲದೆ ಜಾರಿಕೊಂಡು ಹೋಯಿತು. ಒಳಗೆ ಅಧ್ಯಕ್ಷರು ಪದಾಧಿಕಾರಿಗಳ ಮೇಲೆ ಬಿದ್ದರು. ಪದಾಧಿಕಾರಿಗಳು ಅಧ್ಯಕ್ಷರ ಮೇಲೆ ಬಿದ್ದರು. ಪೆಂಡಾಲಿನಲ್ಲಿದ್ದವರು ದಿಕ್ಕಾಪಾಲಾಗಿ ಓಡಿದರು. ಸಾಕಮ್ಮ ಓಡಲಿಲ್ಲ. ಅವಳ ಮಂಡಿ ಓಡಲಾರದು. ಸೌಟು ಹಿಡಿದು ಅಲ್ಲೇ ನಿಂತಿದ್ದಳು, ನಾನು ಅವಳ ಕಡೆಗೇ ಹೋಗುತ್ತಿದ್ದೆ. ಆ ಗಳಿಗೆಯಲ್ಲಿ ನನಗೆ ಮ್ಯೂಸಿಯಂ ಬೇಡ, ಮಾನ ಮರ್ಯಾದೆಯೂ ಬೇಡ, ಅವಳೊಬ್ಬಳು ಪಕ್ಕಕ್ಕೆ ಸರಿದರೆ ಸಾಕಿತ್ತು. "ಸಾಕೂ!" ಎಂದು ಕಿರುಚಿದೆ. ಗಂಟೆ ಬಾರಿಸುವುದೂ ಮರೆತುಹೋಯಿತು.

ಸಾಕಮ್ಮ ಸೆರಗನ್ನು ಒಂದು ಸುತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ನಿಧಾನವಾಗಿ ಎಡಕ್ಕೆ ಎರಡು ಹೆಜ್ಜೆ ಸರಿದಳು. ಟ್ರಾಮು ಅವಳ ಪಕ್ಕದಲ್ಲೇ ಹಾದು, ಕೇಸರಿಬಾತಿನ ಪಾತ್ರೆಯನ್ನು ಎತ್ತಿಕೊಂಡು, ಹಳಿ ಬಿಟ್ಟು, ಕಬ್ಬಿನ ಗದ್ದೆಗೆ ನುಗ್ಗಿ ನಿಂತಿತು.

ಯಾರಿಗೂ ಏನೂ ಆಗಲಿಲ್ಲ. ಬೋರೇಗೌಡನ ಬಿಳಿ ಬಟ್ಟೆ ಮಾತ್ರ ಕೇಸರಿಬಾತಿನ ಬಣ್ಣಕ್ಕೆ ತಿರುಗಿತ್ತು. ಗದ್ದೆಯ ಕಡೆಯ ಬಾಗಿಲು ಕೊನೆಗೂ ಉಪಯೋಗಕ್ಕೆ ಬಂತು, ಎಲ್ಲರೂ ಅದರಿಂದಲೇ ಇಳಿದರು. ನಮ್ಮನ್ನು ಬಿಡಿಸಲು ಓಡಿ ಬಂದ ಜನ ನಾವು ಕ್ಷೇಮ ಎಂದು ಗೊತ್ತಾದ ಕೂಡಲೇ ಒಂದೊಂದು ಕಬ್ಬು ಮುರಿದುಕೊಂಡು ಅಗಿಯುತ್ತಾ ನಿಂತರು. ಮಂಡ್ಯದವರು, ಏನು ಮಾಡುವುದು!

ನಾನು ಬಂದು ಸಾಕಮ್ಮನ ಕೈ ಹಿಡಿದುಕೊಂಡೆ.

"ಭಯ ಆಗ್ಲಿಲ್ವೇನೇ?"

"ಯಾತರ ಭಯ? ದಿನಾ ಬೆಳಿಗ್ಗೆ ಟ್ರಾಕ್ಟ್ರುಗೆ ಇಂಗೇ ಅಲ್ವಾ ಸರ್ಕಳದು. ಅಭ್ಯಾಸ ಆಗೋಗದೆ."

ಮುಕ್ಕಾಲು ಗಂಟೆಯ ನನ್ನ ಭಾಷಣಕ್ಕೆ ಅವಳ ಉತ್ತರ ಇಷ್ಟೇ. ಬೋರೇಗೌಡ ಬಾಯಿ ತೆರೆಯುವ ಮುಂಚೆ ನಾನೇ ಹೇಳಿದೆ, ಜಾಗ ಹೆಂಗಸರದು ಎಂದು. ನನ್ನ ಸಾರ್ವಜನಿಕ ಜೀವನದಲ್ಲಿ ಅವಿರೋಧವಾಗಿ ಪಾಸಾದ ಏಕೈಕ ನಿರ್ಣಯ ಅದು.

ಅಷ್ಟು ಹೊತ್ತಿಗೆ ಅಕ್ರಂ ಬಂದ. ಹಳಿ ನೋಡಿದ, ಗದ್ದೆ ನೋಡಿದ, ನನ್ನನ್ನು ನೋಡಿದ. "ಒಂದ್ ಗಂಟೆ ತಡೀಬಾರ್ದಾಗಿತ್ತಾ ಅಣ್ಣ?" ಎಂದ, ಅಷ್ಟೇ.

ಈಗ ಅಲ್ಲಿ ನಡೆಯುವ ದಾರಿಯಾಗಿದೆ. ಟ್ರಾಮನ್ನು ಗದ್ದೆಯಿಂದ ಎಳೆದು ತಂದ ಟ್ರಾಕ್ಟರಿನವನು ಅದನ್ನು ಹಿಂದುಮುಂದಾಗಿ ನಿಲ್ಲಿಸಿ ಹೋದ. ಬಾಗಿಲು ತಾನಾಗಿಯೇ ರಸ್ತೆಯ ಕಡೆಗೆ ಬಂತು! ಬೆಂಚಿನ ಖರ್ಚೂ ಉಳಿಯಿತೆಂದು ಹೆಂಗಸರು ವಾಕಿಂಗ್ ಮುಗಿಸಿ ಅದರೊಳಗೇ ಕೂತು ಸುಧಾರಿಸಿಕೊಳ್ಳುತ್ತಾರೆ. ಸಾಕಮ್ಮನಿಗೆ ಕಿಟಕಿಯ ಪಕ್ಕದ ಸೀಟು ಖಾಯಂ.

ಮೊನ್ನೆ ಬೆಳಿಗ್ಗೆ ಬಂಗಾಳದಿಂದ ಬಂದ ಟೈಲ್ಸ್ ಕೆಲಸದವನೊಬ್ಬ ದಾರಿಯಲ್ಲಿ ಹೋಗುತ್ತಿದ್ದವನು ಟ್ರಾಮು ಕಂಡು ನಿಂತುಬಿಟ್ಟ. ನನಗೋ ಹಿಗ್ಗು. ಅದರ ಹಣೆಯನ್ನು ಬಹಳ ಹೊತ್ತು ನೋಡಿ, ಕಲಿತ ಕನ್ನಡದಲ್ಲಿ ಹೇಳಿದ, "ಅಕ್ಷರ ಎಲ್ಲಾ ಉಲ್ಟಾ ಸಾರ್. ಕನ್ನಡಿಯಲ್ಲಿ ನೋಡಿದಂಗೆ."

ಆಗ ಹೊಳೆಯಿತು. ಮೊಬೈಲಿನಲ್ಲಿ ನನ್ನ ಫೋಟೋ ನಾನೇ ತೆಗೆದಾಗ ಎಡ ಬಲ ಅದಲುಬದಲಾಗಿತ್ತು. ಅಕ್ಷರವೂ ಉಲ್ಟಾ, ಬಾಗಿಲೂ ಉಲ್ಟಾ! ಅಕ್ರಂ ಒಂದು ಗೆರೆಯನ್ನೂ ಆಚೀಚೆ ಮಾಡಿರಲಿಲ್ಲ. ಅವನನ್ನು ಗದರಿಸಿದ್ದು ನೆನಪಾಯಿತು. ಅವತ್ತೇ ಮದ್ದೂರಿಗೆ ಹೋಗಿ ತಪ್ಪೊಪ್ಪಿಕೊಂಡು ಬಂದೆ.

ಆದರೆ ಅದಕ್ಕೂ ಮುಂಚೆ, ಆ ಟೈಲ್ಸ್ ಕೆಲಸದವನು ಅಷ್ಟಕ್ಕೇ ಬಿಡಲಿಲ್ಲ. "ಇದು ಇಲ್ಲಿ ಎಷ್ಟು ವರ್ಷ ಓಡಿತು?" ಎಂದು ಕೇಳಿದ.

ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಕಿಟಕಿಯಿಂದ ಸಾಕಮ್ಮ ಹೇಳಿದಳು, "ವರ್ಸ ಅಲ್ಲ ಕಣಪ್ಪ, ಇಪ್ಪತ್ ಸೆಕೆಂಡು. ಡ್ರೈವರ್ರು ಇವ್ರೇ. ಇವ್ರನ್ನೂ ಇಲ್ಲೇ ಇಟ್ಕಂಡಿವಿ, ನೋಡ್ಕಂಡ್ ಓಗು."

ಅವನು ಬಹಳ ಗೌರವದಿಂದ ನನ್ನ ಪಕ್ಕ ನಿಂತು ಒಂದು ಫೋಟೋ ತೆಗೆದುಕೊಂಡ. ನಮ್ಮ ಮ್ಯೂಸಿಯಮ್ಮಿಗೆ ಬಂದ ಮೊದಲ ಪ್ರೇಕ್ಷಕ ಅವನೇ.