ಮೂರು ಬುಟ್ಟಿ ಕಸ

ಪುರಸಭೆ ಕಚೇರಿಯಲ್ಲಿ ಗಂಗುಲಪ್ಪನ ಹಂಗಾಮಿ ನೌಕರಿ ಕಾಯಂ ಆಗುವುದು ಅಂದು ಮೂರು ಬುಟ್ಟಿ ಕಸದ ಮೇಲೆ ನಿಂತಿತ್ತು. ಯುದ್ಧದ ಕಾಲ, ಗೊಬ್ಬರಕ್ಕೆ ಬರವೆಂದು ಮೇಲಿನವರು ಹುಕುಂ ಹೊರಡಿಸಿದ್ದರು. ಪ್ರತಿ ಮನೆಯವರೂ ಕೊಳೆಯುವ ಕಸ, ಚಿಂದಿ, ಬೂದಿ ಇವನ್ನು ಬೇರೆಬೇರೆ ಬುಟ್ಟಿಯಲ್ಲಿಡಬೇಕು. ಮುಳಬಾಗಿಲಿನ ಬೀದಿಗಳಲ್ಲಿ ಇದನ್ನು ತಮಟೆ ಹೊಡೆಸಿ ಸಾರಿದವನೇ ಗಂಗುಲಪ್ಪ. ಸಂಜೆ ನಾಲ್ಕಕ್ಕೆ ಕೋಲಾರದಿಂದ ಸಾಹೇಬರು ಬಂದು ಅವನ ಮನೆಯನ್ನೇ ಮೊದಲು ನೋಡುವವರಿದ್ದರು. ಹುಕುಂ ಬರೆದ ಮಹಾನುಭಾವರು ಮಾತ್ರ ಯಾರ ಅಡುಗೆಮನೆಯನ್ನೂ ಇಣುಕಿ ನೋಡಿದವರಲ್ಲ.

ಬೆಳಿಗ್ಗೆ ನೋಡಿದರೆ ಮೂರು ಬುಟ್ಟಿಯೂ ಖಾಲಿ.

"ಕಸ ಎಲ್ಲೇ?" ಎಂದು ಹೆಂಡತಿಯನ್ನು ಕೇಳಿದ.

"ಯಾವ ಕಸ?" ಎಂದಳು ಶಾಮಲಮ್ಮ. "ಸಿಪ್ಪೆ ಪಕ್ಕದ್ಮನೆ ಎಮ್ಮೆಗೆ ಹೋಯ್ತು. ಬೂದೀಲಿ ಪಾತ್ರೆ ತಿಕ್ದೆ. ಹಳೇ ಸೀರೆ ಕೌದಿ ಆಯ್ತು. ಬಿಸಾಕೋ ಅಂಥದ್ದು ಈ ಮನೇಲಿ ನಿಮ್ಮ ಹುಕುಂ ಒಂದೇ."

ಗಂಗುಲಪ್ಪ ಪಕ್ಕದ ಮನೆಗೆ ಓಡಿ, ಒಂದು ಬುಟ್ಟಿ ಸಿಪ್ಪೆ ಕಡ ಕೇಳಿದ.

"ಎಮ್ಮೆ ಬಾಯಿಂದ ಕಿತ್ತು ಕೊಡ್ಲಾ ನಾಯನಾ?" ಎಂದಳು ಅಶ್ವತ್ಥಮ್ಮ. "ನಾಳೆ ಹಾಲು ನಿಮ್ಮ ಸಾಹೇಬ ಕೊಡ್ತಾನಾ?"

ಎದುರುಮನೆಯ ಚನ್ನರಾಯಪ್ಪ ಕಚೇರಿಯಲ್ಲೂ ಜೊತೆಗಾರ, ಅವನದೂ ಹಂಗಾಮಿಯೇ; ಕಾಯಂ ಆಗುವ ಜಾಗ ಮಾತ್ರ ಒಂದೇ. ಜಗಲಿಯ ಮೇಲೆ ಮಲಗಿದ್ದವನು ಕಣ್ಣನ್ನೂ ಬಿಡಲಿಲ್ಲ.

"ನನ್ನ ಬುಟ್ಟಿಗಳೂ ಖಾಲಿ ಕಣೋ. ಹೋಗಿ ಮಲಗು."

ಸೋಮಾರಿಯ ಮಾತು ಕೇಳಿದರೆ ನೌಕರಿ ಉಳಿಯುತ್ತದೆಯೇ? ಗಂಗುಲಪ್ಪ ಪೇಟೆಯಿಂದ ಎರಡು ಕುಂಬಳಕಾಯಿ ತಂದು ಕೊಚ್ಚಿ ಸುರಿದ. ವಾರದ ಸೌದೆ ಸುಟ್ಟು ಬೂದಿ ಮಾಡಿದ. ಚಿಂದಿಗೆ ಬೇರೆ ದಾರಿ ಕಾಣದೆ ಉಟ್ಟಿದ್ದ ಪಂಚೆಯನ್ನೇ ಹರಿದು, ಟವೆಲು ಸುತ್ತಿಕೊಂಡ.

"ತಲೆ ಕೆಟ್ಟಿದ್ಯಾ ನಿಮಗೆ?" ಶಾಮಲಮ್ಮನಿಗೆ ಅಳುವೇ ಬಂತು.

"ಕೆಲಸ ಕಾಯಂ ಆಗ್ಲಿ, ಹತ್ತು ಪಂಚೆ ತರ್ತೀನಿ ಕಣೇ."

ಅಷ್ಟರಲ್ಲಿ ಎಮ್ಮೆ ಬಂದು ಬುಟ್ಟಿಗೆ ಬಾಯಿ ಹಾಕಿತು. ಅದನ್ನು ಅಟ್ಟಿ, ಮತ್ತೊಂದು ಕುಂಬಳಕಾಯಿ ತಂದು ಕೊಚ್ಚುವ ಹೊತ್ತಿಗೆ ನಾಲ್ಕಾಯಿತು.

ಸಾಹೇಬರು ಬಂದರು. ತುಂಬಿದ ಬುಟ್ಟಿಗಳನ್ನು ಬಹಳ ಹೊತ್ತು ನೋಡಿದರು.

"ಮನೇಲಿ ಎಷ್ಟು ಜನ?"

"ಇಬ್ಬರೇ ಸ್ವಾಮಿ."

"ಇದು ಎಷ್ಟು ದಿನದ ಕಸ?"

"ಇವತ್ತೊಂದೇ ದಿನದ್ದು ಸ್ವಾಮಿ," ಎಂದು ಗಂಗುಲಪ್ಪ ಎದೆಯುಬ್ಬಿಸಿದ.

ಸಾಹೇಬರು ಎದುರುಮನೆಗೆ ಹೋದರು. ಅಲ್ಲಿ ಮೂರು ಖಾಲಿ ಬುಟ್ಟಿ, ಪಕ್ಕದಲ್ಲಿ ಆಕಳಿಸುತ್ತಿದ್ದ ಚನ್ನರಾಯಪ್ಪ. ಅವರ ಮುಖ ಅರಳಿತು.

"ಭೇಷ್! ಜನ ಒಪ್ಪೊತ್ತು ಉಣ್ಣೋ ಕಾಲದಲ್ಲಿ ಸಂಸಾರ ಅಂದ್ರೆ ಇದು. ಒಂದು ಚೂರೂ ಹಾಳಾಗಿಲ್ಲ. ಕಾಯಂ ಕೆಲಸ ಈತನಿಗೆ."

ಆಮೇಲೆ ಹಿಂದೆಯೇ ಬಂದಿದ್ದ ಗಂಗುಲಪ್ಪನ ಟವೆಲನ್ನು ಮೇಲಿನಿಂದ ಕೆಳಗೆ ನೋಡಿ, "ನೀನು ಇವನ ಕೈಕೆಳಗೆ ಹಂಗಾಮಿಯಾಗೇ ಇರು. ಮಿತವಾಗಿ ಬದುಕೋದು ಹೇಗೆ ಅಂತ ಕಲಿತ್ಕೋ," ಎಂದರು.