ಹತ್ತಿ ಜಗಳಕ್ಕೆ ಹರಿಹರದ ಚಹಾ

ಸಿಟ್ಟು ನನಗೆ ಪಿತ್ರಾರ್ಜಿತ. ಅಪ್ಪ ಬಿಟ್ಟುಹೋದ ಎರಡು ಆಸ್ತಿಗಳಲ್ಲಿ ಮುದ್ರಣಾಲಯ ಸವೆಯುತ್ತಿತ್ತು, ಸಿಟ್ಟು ಮಾತ್ರ ಬೆಳೆಯುತ್ತಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ದಾವಣಗೆರೆಯಲ್ಲಿ ಇನ್ನೂ ಸೀಸದ ಅಕ್ಷರದ ಮೊಳೆ ಜೋಡಿಸಿ ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವರಲ್ಲಿ ನಾನೊಬ್ಬ. ಊರಿಗೆಲ್ಲ ಕಂಪ್ಯೂಟರ್ ಬರುತ್ತಿದ್ದ ಕಾಲ, ತಪ್ಪಿದ ಗಿರಾಕಿ ತಿರುಗಿ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಪಕ್ಕದ ಮಳಿಗೆಗೆ ಗಾದಿ ಹೊಲಿಯುವ ಬಾಷಾಸಾಬರು ಬಂದರು. ಅವರು ಮುಂಬಾಗಿಲಲ್ಲೇ ಕೂತು ಹತ್ತಿ ಹಿಂಜುವುದು, ಅದು ಹಾರಿ ಬಂದು ನನ್ನ ಹಸಿ ಮಸಿಗೆ ಅಂಟುವುದು. ಒಂದು ಪತ್ರಿಕೆಯಲ್ಲಂತೂ ವಧುವಿನ ಹೆಸರಿಗೇ ಬಿಳಿ ಗಡ್ಡ ಬಂದಿತ್ತು. ಆ ಮದುವೆ ಮನೆಯವರು ಪತ್ರಿಕೆಯ ಕಟ್ಟನ್ನೆಲ್ಲ ನನ್ನ ಮೇಜಿನ ಮೇಲೆ ಎಸೆದು ಹೋದರು.

"ಕೋರ್ಟಿಗೆ ಎಳೀತೀನಿ!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ. "ಎಳೀರಿ. ನಿಮ್ಮ ಮಶೀನು ಗೋಡೆ ಕುಟ್ಟೋದೂ ಜಡ್ಜ್ ಸಾಹೇಬ್ರಿಗೆ ಕೇಳ್ಲಿ" ಎಂದರು ಬಾಷಾಸಾಬರು. ನಮ್ಮ ವಕೀಲರು ಬಹಳ ಸಂತೋಷದಿಂದ, ತೀರ್ಪು ಬರುವಷ್ಟರಲ್ಲಿ ಆ ವಧುವಿನ ಮಗಳ ಲಗ್ನಪತ್ರಿಕೆಯೂ ನಿಮ್ಮಲ್ಲಿಗೇ ಬಂದೀತು ಅಂದರು. ಹೆಂಡತಿ ಮಾತ್ರ, "ನಿಮ್ಮ ಕೂಗಾಟ ಕೇಳಿ ಕೇಳಿ ಸಾಕಾಗೈತ್ರಿ. ಹರಿಹರದ ಮಾವನ ಹತ್ರ ಹೋಗಿ ಬಗೆಹರಿಸ್ಕೊಂಡು ಬರ್ರಿ" ಎಂದಳು.

ನನ್ನ ಆ ಸೋದರಮಾವ ಈರಪ್ಪನವರು ಕಾಳಿನ ವ್ಯಾಪಾರ ಬಿಟ್ಟಮೇಲೆ ವ್ಯಾಪಾರಸ್ಥರ ಜಗಳ ಬಿಡಿಸುವುದನ್ನೇ ಹಚ್ಚಿಕೊಂಡವರು. ಬಾಷಾಸಾಬರಿಗೂ ವಕೀಲರೆಂದರೆ ಭಯವಿತ್ತೇನೋ, ಒಪ್ಪಿದರು. ಒಂದೇ ಬಸ್ಸಿನಲ್ಲಿ, ಒಬ್ಬರ ಮುಖ ಒಬ್ಬರು ನೋಡದೆ ಹೋದೆವು. ಮಾವನ ಮನೆಯಲ್ಲಿ ಒಲೆಯ ಮೇಲೆ ಚಹಾ ಕುದಿಯುತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ಈರಪ್ಪನವರು ಕೈ ಎತ್ತಿದರು. "ನಿನ್ನ ತಕರಾರು ನೀ ಹೇಳೋದು ಬ್ಯಾಡ. ಅವ್ರದ್ದು ನೀ ಹೇಳು, ನಿಂದು ಅವ್ರು ಹೇಳ್ಲಿ. ಹೌದು, ಇದೇ ನನ್ನ ತಕರಾರು ಅಂತ ಎದುರಿನವ್ರು ಅನ್ನೋ ತನಕ ಚಾ ಇಲ್ಲ."

ಇದೆಂಥ ನ್ಯಾಯ? ನನಗೆ ಮೈಯೆಲ್ಲ ಉರಿಯಿತು. ಬಾಷಾಸಾಬರು ನನ್ನ ಸಂಕಟವನ್ನೆಲ್ಲ ಬಿಳಿ ಗಡ್ಡದ ಸಮೇತ ಹೇಳಿಬಿಟ್ಟರು, ಹೌದೆನ್ನಲೇಬೇಕಾಯಿತು. ನನ್ನ ಸರದಿ ಬಂದಾಗ, "ಇವರಿಗೆ ಹತ್ತಿ ಹಾರಿಸೋದು ಒಂದು ಚಟ" ಎಂದೆ. "ಗೊತ್ತಿಲ್ಲ ಅನ್ನು. ಅವ್ರನ್ನ ಹೊಳೆ ದಂಡಿಗೆ ಕರ್ಕೊಂಡು ಹೋಗಿ ಕೇಳ್ಕೊಂಡು ಬಾ" ಎಂದು ಈರಪ್ಪನವರು ನನ್ನನ್ನು ಹೊರಗೆ ಅಟ್ಟಿದರು.

"ಹೇಳ್ರಿ ಮತ್ತೆ!" ಎಂದು ತುಂಗಭದ್ರೆಯ ದಂಡೆಯಲ್ಲಿ ಗದರಿದೆ.

"ಅಂಗಡಿ ಹಿಂದಿನ ಕೋಣ್ಯಾಗೆ ನನ್ನ ಹೆಂಡ್ತಿ ಮಲಗಿರ್ತಾಳ್ರಿ. ಉಬ್ಬಸ. ಹತ್ತಿ ಧೂಳು ಆಗಂಗಿಲ್ಲ, ಅದ್ಕೇ ಮುಂದೆ ಹಿಂಜ್ತೀನಿ. ಮಧ್ಯಾಹ್ನ ಅವ್ಳು ಒಂಚೂರು ಕಣ್ಣು ಮುಚ್ಚಿದ್ರೆ ನಿಮ್ಮ ಮಶೀನು ಎಬ್ಬಿಸ್ತೈತೆ."

"ಇದನ್ನ ಮೊದ್ಲೇ ಹೇಳೋಕೆ ಏನಾಗಿತ್ರೀ ನಿಮ್ಗೆ?"

"ನೀವು ಬಾಯಿ ಮುಚ್ಚಿದ್ರೆ ತಾನೇ?"

ವಾಪಸು ಬಂದು ಒಂದಕ್ಷರ ಬಿಡದೆ ಒಪ್ಪಿಸಿದೆ. ಬಾಷಾಸಾಬರು ಕಣ್ಣೊರೆಸಿಕೊಂಡು ಹೌದೆಂದರು. ಚಹಾ ಬಂತು. ಲೋಟ ಖಾಲಿಯಾಗುವಷ್ಟರಲ್ಲಿ, ನಾನು ಅಂಗಡಿ ತೆರೆಯುವ ಮೊದಲೇ ಅವರು ಹತ್ತಿ ಹಿಂಜುವುದು, ಮಧ್ಯಾಹ್ನ ನನ್ನ ಯಂತ್ರ ನಿಲ್ಲಿಸುವುದು ಎಂದು ತೀರ್ಮಾನವಾಯಿತು. ಬೀದಿಗೆಲ್ಲ ಸಾರಿದ್ದ ನನ್ನ ದಾವೆ ಒಂದು ಲೋಟ ಚಹಾದಲ್ಲಿ ಕರಗಿಹೋದದ್ದಕ್ಕೂ ನನಗೆ ಸಿಟ್ಟೇ ಬಂತು.

ಮನೆಗೆ ಬಂದು ನನ್ನ ಪರಾಕ್ರಮವನ್ನೆಲ್ಲ ವರ್ಣಿಸಿ ಚಹಾ ಕೇಳಿದೆ. ಹೆಂಡತಿ ಅಡುಗೆಮನೆಯಿಂದಲೇ, "ಅದೆಲ್ಲ ಸರಿ. ಈಗ ನನ್ನ ತಕರಾರು ಏನು ಹೇಳ್ರಿ ನೋಡಾಣ" ಎಂದಳು. ಬಹಳ ಯೋಚಿಸಿದೆ. ಏನೂ ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿತು. "ನಿನಗೇನು ಕಡಿಮೆ ಮಾಡಿದ್ದೀನಿ ನಾನು!" ಎಂದು ಇಡೀ ಬೀದಿಗೆ ಕೇಳುವಂತೆ ಕೂಗಿದೆ.

"ಹೌದು, ಇದೇ ನನ್ನ ತಕರಾರು" ಎಂದು ಚಹಾ ತಂದಿಟ್ಟಳು.