ಔಷಧ ಭಂಡಾರದ ಅಧಿಕೃತ ಸೋದರತ್ತೆ

ಪ್ರತಾಪ ನಗರ ಕನ್ನಡ ನೌಕರರ ಸಹಕಾರಿ ಔಷಧ ಭಂಡಾರದಲ್ಲಿ ೧೯೯೯ನೇ ಇಸವಿಯ ಜುಲೈ ಒಂದನೇ ತಾರೀಖಿನಿಂದ ಅರ್ಹತೆ ಇಲ್ಲದ ಯಾವ ಸಿಬ್ಬಂದಿಯೂ ಔಷಧ ಮುಟ್ಟಿಲ್ಲ. ಇದು ದಾಖಲೆಯಲ್ಲಿರುವ ಸಂಗತಿ. ದಾಖಲೆ ಬರೆದವನು ನಾನೇ. ಲೆಕ್ಕಪತ್ರ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ, ನಿವೃತ್ತಿಯ ಮೇಲೆ ಈ ಭಂಡಾರದ ಗೌರವ ಕಾರ್ಯದರ್ಶಿಯಾಗಿ ಹನ್ನೊಂದು ವರ್ಷ ದಾಖಲೆ ಬರೆದ ಕೈ ಇದು. ನಾಗಪುರದ ಬಿಸಿಲಿಗೆ ರಸ್ತೆಯ ಡಾಂಬರು ಕರಗಿದ್ದನ್ನು ನೋಡಿದ್ದೇನೆ, ನಿಯಮ ಕರಗಿದ್ದನ್ನು ನೋಡಿಲ್ಲ.

ಆ ತಾರೀಖಿಗೆ ಮೊದಲು ನಮ್ಮಲ್ಲಿ ಎಂಥ ಅವ್ಯವಸ್ಥೆ ಇತ್ತೆಂದು ಹೇಳಲು ಸಂಕೋಚವಾಗುತ್ತದೆ. ಗದಗಿನ ಕಡೆಯ ಸತ್ಯಭಾಮಾಬಾಯಿ ಎಂಬುವರು ಹದಿನೇಳು ವರ್ಷ ಕೌಂಟರಿನಲ್ಲಿ ನಿಂತು ಔಷಧ ಕೊಡುತ್ತಿದ್ದರು. ಅಂಚೆ ಇಲಾಖೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಸಹಾಯಕಿ ಎಂದು ಸೇರಿಕೊಂಡವರು. ಓದಿದ್ದು ಏಳನೇ ಇಯತ್ತೆ. ಆದರೂ ಯಾವ ಡಾಕ್ಟರ ಚೀಟಿಯನ್ನಾದರೂ ಓದಿಬಿಡುತ್ತಿದ್ದರು. ತಾವು ಬರೆದದ್ದು ತಮಗೇ ತಿಳಿಯದೆ ಹೋದಾಗ ಕೆಲವು ಡಾಕ್ಟರುಗಳು ಕಂಪೌಂಡರನ ಕೈಯಲ್ಲಿ ಚೀಟಿ ಕೊಟ್ಟು ಇವರ ಹತ್ತಿರವೇ ಕಳಿಸುತ್ತಿದ್ದರು. ಒಮ್ಮೆ ಎರಡು ವರ್ಷದ ಕೂಸಿಗೆ ದೊಡ್ಡವರ ಪ್ರಮಾಣ ಬರೆದ ಚೀಟಿ ಬಂದಾಗ, ಔಷಧ ಕೊಡದೆ, ಸೆರಗು ಸುತ್ತಿಕೊಂಡು ಡಾಕ್ಟರರ ಮನೆಗೇ ನಡೆದು ತಿದ್ದಿಸಿಕೊಂಡು ಬಂದಿದ್ದರು. ಹದಿನೇಳು ವರ್ಷದಲ್ಲಿ ಅವರ ಕೈಯಿಂದ ಒಂದು ತಪ್ಪೂ ಆಗಿರಲಿಲ್ಲ. ಹಾಗಾಗಿ ಅವರ ಅರ್ಹತೆಯನ್ನು ಪರಿಶೀಲಿಸುವ ಸಂದರ್ಭ ಬಂದಿರಲಿಲ್ಲ.

ಕಾಯಿದೆಗೆ ಬೇಕಾದ ನೋಂದಾಯಿತ ಫಾರ್ಮಸಿಸ್ಟ್ ನಮ್ಮಲ್ಲಿ ಇರಲಿಲ್ಲವೆಂದು ಯಾರೂ ತಿಳಿಯಬಾರದು. ಗಿರಿಧರ ಇದ್ದ. ಅವನ ಸರ್ಟಿಫಿಕೇಟು ಫೋಟೋ ಸಮೇತ ಚೌಕಟ್ಟಿನೊಳಗೆ, ಗಣಪತಿ ಕ್ಯಾಲೆಂಡರಿನ ಪಕ್ಕದಲ್ಲಿ, ಗೋಡೆಯ ಮೇಲೆ ಇತ್ತು. ಅವನು ಮಾತ್ರ ಊರಿನ ಇತವಾರಿ ಪೇಟೆಯಲ್ಲಿ, ಸೋದರಮಾವನ ಹಾರ್ಡ್‌ವೇರ್ ಅಂಗಡಿಯಲ್ಲಿ ನಟ್ಟು ಬೋಲ್ಟು ತೂಗುತ್ತಿದ್ದ. ತಿಂಗಳಿಗೊಮ್ಮೆ ಬಂದು ಮೂವತ್ತು ದಿನದ ಹಾಜರಿಗೆ ಒಟ್ಟಿಗೇ ಸಹಿ ಹಾಕಿ, ಚಹಾ ಕುಡಿದು ಹೋಗುತ್ತಿದ್ದ. ಫೆಬ್ರವರಿಯಲ್ಲಿ ಎರಡು ಸಹಿ ಕಡಿಮೆ ಹಾಕಬೇಕೆಂಬುದನ್ನು ಅವನು ಒಮ್ಮೆಯೂ ಮರೆತವನಲ್ಲ. ಈ ವ್ಯಾಪಾರದಲ್ಲಿ ಇದು ರೂಢಿ ಎಂದು ಅವನು ಹೇಳಿದ್ದ, ರೂಢಿ ಎಂದ ಮೇಲೆ ನಾವು ಪ್ರಶ್ನೆ ಕೇಳಿರಲಿಲ್ಲ.

ಜೂನ್ ತಿಂಗಳಲ್ಲಿ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಔಷಧ ಅಂಗಡಿಯ ಸಹಾಯಕ ಸಿಬ್ಬಂದಿ ವಿಜ್ಞಾನದಲ್ಲಿ ಹನ್ನೆರಡನೇ ತರಗತಿ ಪಾಸಾಗಿರಬೇಕು, ಐನೂರು ಗಂಟೆ ತರಬೇತಿ ಪಡೆದಿರಬೇಕು, ಮತ್ತು ಕೆಲಸದ ಅವಧಿಯಲ್ಲಿ ಸದಾ ಫಾರ್ಮಸಿಸ್ಟರ ಕಣ್ಣೆದುರಿಗೆ ಇರಬೇಕು. ಕಣ್ಣೆದುರು ಎಂದರೆ ಹದಿನೈದು ಅಡಿ ಎಂದು ಕೆಳಗೆ ಸಣ್ಣ ಅಕ್ಷರದಲ್ಲಿ ವಿವರಣೆ ಇತ್ತು. ಸುತ್ತೋಲೆಯ ಹಿಂದೆಯೇ ಇನ್‌ಸ್ಪೆಕ್ಟರ್ ಕಾಶೀನಾಥ ಬಂದರು. ಅಕ್ಕಲಕೋಟೆಯ ಕಡೆಯವರು, ಮನೆಮಾತು ಕನ್ನಡ, ಕೈಯಲ್ಲಿ ಅಳತೆ ಪಟ್ಟಿ. ಸರ್ಟಿಫಿಕೇಟಿನ ಕೆಳಗಿದ್ದ ಖಾಲಿ ಸ್ಟೂಲಿನಿಂದ ಸತ್ಯಭಾಮಾಬಾಯಿಯವರ ಚಪ್ಪಲಿಯವರೆಗೆ ಅಳೆದರು. ಎಂಟೂವರೆ ಅಡಿ ಬಂತು.

"ಅಂತರ ಬರೋಬರ್ ಐತಿ," ಎಂದು ಬರೆದುಕೊಂಡರು. "ಮನುಷ್ಯಾ ಎಲ್ಲದಾನ?"

"ಇತವಾರ್ಯಾಗ ಅದಾನ್ರಿ," ಎಂದರು ಸತ್ಯಭಾಮಾಬಾಯಿ, ಯಾರದೋ ಕೆಮ್ಮಿನ ಔಷಧ ಕಟ್ಟುತ್ತ. ಸುಳ್ಳು ಹೇಳುವುದಕ್ಕೂ ಒಂದು ತರಬೇತಿ ಬೇಕು, ಅದು ಅವರಿಗೆ ಇರಲಿಲ್ಲ.

ಆಡಳಿತ ಮಂಡಳಿಯ ತುರ್ತು ಸಭೆ ಸೇರಿತು. ಅಧ್ಯಕ್ಷರು ಬೋಪಣ್ಣನವರು, ವಾಯುಸೇನೆಯಲ್ಲಿ ಉಗ್ರಾಣ ನೋಡಿಕೊಂಡು ನಿವೃತ್ತರಾದ ಕೊಡಗಿನವರು. ಐವತ್ತನಾಲ್ಕು ವಯಸ್ಸಿನ ಹೆಂಗಸು ಈಗ ಎಲ್ಲಿಗೆ ಹೋಗಬೇಕು ಎಂದು ಅವರು ಕೇಳಿದರು. ಸುತ್ತೋಲೆಯಲ್ಲಿ ಆ ವಿಷಯ ಇಲ್ಲ ಎಂದು ನಾನು ಓದಿ ತೋರಿಸಿದೆ. ಅವರು ಮೀಸೆ ತಿರುವಿ ಸಹಿ ಹಾಕಿದರು. ಮರುದಿನ ಫಲಕದ ಮೇಲೆ ನನ್ನ ಅಕ್ಷರದಲ್ಲಿ ಹೀಗೊಂದು ಪ್ರಕಟಣೆ ಇತ್ತು:

"ಗ್ರಾಹಕರ ಪ್ರಾಣರಕ್ಷಣೆಯ ದೃಷ್ಟಿಯಿಂದ, ಇದುವರೆಗೆ ಸರಿಯಾದ ಔಷಧ ಕೊಡುತ್ತಿದ್ದವರನ್ನು ಸೇವೆಯಿಂದ ಬಿಡುಗಡೆ ಮಾಡಲಾಗಿದೆ. ಇನ್ನು ಮುಂದೆ ಅರ್ಹರು ಕೊಡುವ ಔಷಧವನ್ನು ಸ್ವೀಕರಿಸಿ ಸಹಕರಿಸಬೇಕಾಗಿ ವಿನಂತಿ."

ಬರೆಯುವಾಗ ಈ ವಾಕ್ಯದಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ. ಈಗಲೂ ವ್ಯಾಕರಣದ ದೋಷವೇನೂ ಇಲ್ಲ.

ಗಿರಿಧರನನ್ನು ಇತವಾರಿಯಿಂದ ಟೆಂಪೋದಲ್ಲಿ ಕರೆತಂದೆವು. ಪಾಪ, ಒಳ್ಳೆಯ ಹುಡುಗ. ಡಿಪ್ಲೊಮಾ ಮಾಡಿ ಹನ್ನೆರಡು ವರ್ಷವಾಗಿತ್ತು, ಆ ಹನ್ನೆರಡು ವರ್ಷವೂ ಕಬ್ಬಿಣದ ಜೊತೆ ಕಳೆದಿತ್ತು. ಮೊದಲ ದಿನವೇ ಮಾತ್ರೆಗಳನ್ನೆಲ್ಲ ಅಳತೆಯ ಪ್ರಕಾರ ವಿಂಗಡಿಸಿ ಜೋಡಿಸಿದ. ಸಣ್ಣವು ಮೇಲಿನ ಖಾನೆಗೆ, ದಪ್ಪವು ಕೆಳಕ್ಕೆ. ನೋಡಲು ಅಚ್ಚುಕಟ್ಟಾಗಿತ್ತು. ತಲೆನೋವಿಗೆಂದು ಬಂದ ಹೆಂಗಸೊಬ್ಬರಿಗೆ ಎಷ್ಟು ಸೈಜಿನದು ಬೇಕು ಎಂದು ಕೇಳಿದನಂತೆ, ಅವರು ಮಧ್ಯಮ ಎಂದರಂತೆ.

ಸತ್ಯಭಾಮಾಬಾಯಿ ಇನ್ನೂ ಹೋಗಿರಲಿಲ್ಲ. ಬಿಡುಗಡೆ ಪತ್ರ ಮೂರು ಪ್ರತಿಯಲ್ಲಿ ಕೊಡಬೇಕಿತ್ತು, ಕಾರ್ಬನ್ ಹಾಳೆ ಮುಗಿದಿತ್ತು. ಹಾಳೆ ಬರುವವರೆಗೆ ಹೊರಗಿನ ಬೆಂಚಿನ ಮೇಲೆ ಕೂತಿರಿ ಎಂದು ನಾನೇ ಹೇಳಿದ್ದೆ. ಅವರು ಬೆಳಿಗ್ಗೆ ಒಂಬತ್ತಕ್ಕೆ ಸರಿಯಾಗಿ ಬಂದು ಕೂರುತ್ತಿದ್ದರು. ಕೌಂಟರಿನ ಕಡೆ ನೋಡುತ್ತಿರಲಿಲ್ಲ. ಕೈಯಲ್ಲಿ ಕೆಲಸವಿಲ್ಲದೆ ಸೆರಗಿನ ತುದಿಯನ್ನು ಮಡಚಿ ಬಿಚ್ಚಿ ಮಾಡುತ್ತಿದ್ದರು.

ನಾಲ್ಕನೇ ದಿನ ನಾನು ನನ್ನ ರಕ್ತದೊತ್ತಡದ ಮಾತ್ರೆ ತೆಗೆದುಕೊಂಡೆ. ಗಿರಿಧರ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, ಮೇಲಿನ ಖಾನೆಯಿಂದ ಹತ್ತು ಬಿಳಿ ಮಾತ್ರೆ ಎಣಿಸಿ ಕೊಟ್ಟ. ಊಟ ಮುಗಿಸಿಯೇ ಬಂದಿದ್ದರಿಂದ ಮೆಟ್ಟಿಲಿಳಿದು ಬೆಂಚಿನ ಪಕ್ಕದಲ್ಲೇ ನೀರು ತರಿಸಿ ಒಂದನ್ನು ಬಾಯಿಗೆ ಹಾಕಿಕೊಳ್ಳುವವನಿದ್ದೆ. ಬೆಂಚಿನಿಂದ ಕೈಯೊಂದು ಬಂದು ನನ್ನ ಮಣಿಕಟ್ಟು ಹಿಡಿಯಿತು.

"ನುಂಗಬ್ಯಾಡ್ರಿ ಅಣ್ಣಾರ. ಅದು ಸಕ್ಕರಿ ರೋಗದ ಗುಳಗಿ. ನಿಮಗ ಸಕ್ಕರಿ ಎಲ್ಲೈತಿ?"

ನಿಮಗೆ ಇದನ್ನು ಹೇಳುವ ಅಧಿಕಾರವಿಲ್ಲ ಎಂದು ನಾನು ನೆನಪಿಸಿದೆ. ಸಹಾಯಕ ಸಿಬ್ಬಂದಿಯ ಕಡತದಿಂದ ಅವರ ಹೆಸರು ಹೋಗಿ ಆಗಲೇ ನಾಲ್ಕು ದಿನವಾಗಿತ್ತು.

"ಅಧಿಕಾರ ಇಲ್ರಿ," ಎಂದರು ಅವರು, ಕೈ ಬಿಡದೆ. "ನಿಮ್ಮ ಮನಿ ಹೆಣ್ಮಗಳಾಗಿದ್ರ ಹೇಳ್ತಿದ್ದಿಲ್ಲೇನು?"

ನಾನು ಮನೆಗೆ ಬಂದು ಆ ಮಾತ್ರೆಯನ್ನು ಮೇಜಿನ ಮೇಲಿಟ್ಟು ಬಹಳ ಹೊತ್ತು ನೋಡಿದೆ. ನನಗೆ ಭಯವಾಗಿತ್ತು, ಅದನ್ನು ಮುಚ್ಚಿಡುವುದಿಲ್ಲ. ಆಮೇಲೆ ಸುತ್ತೋಲೆಯನ್ನು ಕನ್ನಡಕ ಒರೆಸಿಕೊಂಡು ಮೊದಲಿನಿಂದ ಓದಿದೆ. ಸಿಬ್ಬಂದಿಯ ಬಗ್ಗೆ ಹದಿನೆಂಟು ಷರತ್ತುಗಳಿದ್ದವು. ರೋಗಿಯ ಸಂಬಂಧಿಕರ ಬಗ್ಗೆ ಒಂದೂ ಇರಲಿಲ್ಲ. ರೋಗಿಯ ಪರವಾಗಿ ಚೀಟಿ ಓದಲು, ಮಾತ್ರೆ ನೋಡಲು, ಇದಲ್ಲ ಅದು ಎನ್ನಲು ಸಂಬಂಧಿಕರಿಗೆ ಯಾವ ವಿದ್ಯಾರ್ಹತೆಯೂ ಬೇಕಿರಲಿಲ್ಲ.

ಮಂಡಳಿ ಒಮ್ಮತದಿಂದ ನಿರ್ಣಯ ಸ್ವೀಕರಿಸಿತು. ಗ್ರಾಹಕರಿಗಾಗಿ ಏಳನೇ ನಮೂನೆ ಅಚ್ಚಾಯಿತು: "ಸತ್ಯಭಾಮಾಬಾಯಿಯವರು ನನಗೆ .......... ಆಗಬೇಕೆಂದು, ನನ್ನ ಪರವಾಗಿ ಚೀಟಿ ಓದಲು ಅವರಿಗೆ ನನ್ನ ಒಪ್ಪಿಗೆ ಇದೆಯೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ." ಗೋಡೆಯ ಮೇಲೆ ಅಂಟಿಸಿದ ಮಾದರಿಯಲ್ಲಿ ನಾನು "ಸೋದರತ್ತೆ" ಎಂದು ತುಂಬಿದ್ದೆ. ಜನ ಮಾದರಿಯನ್ನೇ ನೋಡಿ ಬರೆಯುತ್ತಾರೆ. ಎರಡು ವಾರದಲ್ಲಿ ಆರುನೂರು ಮಂದಿಗೆ ಅವರು ಸೋದರತ್ತೆಯಾದರು. ಮರಾಠಿ ನೆರೆಯವರು ತಮ್ಮ ಭಾಷೆಯಲ್ಲಿ ಚಿಕ್ಕಮ್ಮನಿಗೆ ಹೇಳುವಂತೆ ಮಾವಶಿ ಎಂದು ಬರೆದರು. ಸಂಬಂಧ ತಿಳಿಯದ ಒಬ್ಬರು "ಗೊತ್ತಿರುವವರು" ಎಂದು ಬರೆದಾಗ ಅರ್ಜಿಯನ್ನು ಹಿಂತಿರುಗಿಸಲಾಯಿತು.

ಒಂದು ತೊಡಕು ಮಾತ್ರ ಬಂತು. ಬ್ಯಾಂಕಿನಲ್ಲಿರುವ ಹೊನ್ನಪ್ಪನವರೂ ಅವರ ಹೆಂಡತಿ ವಿಮಲಾ ಅವರೂ ಇಬ್ಬರೂ ಸೋದರತ್ತೆ ಎಂದೇ ಬರೆದಿದ್ದರು. ಇಬ್ಬರಿಗೂ ಒಬ್ಬರೇ ಸೋದರತ್ತೆ ಎಂದಾದರೆ ಈ ಮದುವೆ ಹೇಗೆ ನಡೆಯಿತು ಎಂದು ಬೋಪಣ್ಣನವರು ಕೇಳಿದರು. ಹೊನ್ನಪ್ಪನವರಿಗೆ ಕಸಿವಿಸಿಯಾಯಿತು, ವಿಮಲಾ ಅವರು ಇಪ್ಪತ್ತು ವರ್ಷದ ಮೇಲೆ ಈಗೇನು ಮಾಡುವುದು ಎಂದರು. ಸದರಿ ಸಂಬಂಧವು ಅಂಗಡಿಯ ಮೆಟ್ಟಿಲಿನ ಒಳಗೆ ಮಾತ್ರ ಅನ್ವಯಿಸುತ್ತದೆ ಎಂದು ಉಪನಿಯಮ ಸೇರಿಸಿ ಮದುವೆಯನ್ನು ಉಳಿಸಿದೆವು.

ಸೋದರತ್ತೆಗೆ ಸಂಬಳ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆದ್ದರಿಂದ ಅವರ ಹಿಂದಿನ ಸಂಬಳದಷ್ಟೇ ಮೊತ್ತವನ್ನು ಬೆಂಚಿನ ನಿರ್ವಹಣಾ ಭತ್ಯೆ ಎಂದು ಪ್ರತಿ ತಿಂಗಳು ಮಂಜೂರು ಮಾಡಲಾಯಿತು. ಪ್ರತಾಪ ನಗರದಲ್ಲಿ ಅಷ್ಟು ಚೆನ್ನಾಗಿ ನಿರ್ವಹಣೆಯಾದ ಬೆಂಚು ಇನ್ನೊಂದಿರಲಾರದು.

ಬೆಂಚು ಹೊರಗೆ ರಸ್ತೆಗೆ ಹತ್ತಿರವಿತ್ತು. ಟೆಂಪೋಗಳ ಸದ್ದಿನಲ್ಲಿ ಅವರು ಹೇಳಿದ್ದು ಗಿರಿಧರನಿಗೆ ಕೇಳುತ್ತಿರಲಿಲ್ಲ. ಹನ್ನೆರಡನೇ ನಿರ್ಣಯದ ಪ್ರಕಾರ ಬೆಂಚನ್ನು ಮೆಟ್ಟಿಲ ಮೇಲೆ ತಂದೆವು. ಅಲ್ಲಿಂದ ಖಾನೆಗಳು ಕಾಣುತ್ತಿರಲಿಲ್ಲ. ಹದಿನಾಲ್ಕನೆಯದರ ಪ್ರಕಾರ ಬಾಗಿಲೊಳಗೆ. ಅಲ್ಲಿ ಗಿರಾಕಿಗಳು ಎಡವುತ್ತಿದ್ದರು. ಹದಿನೇಳನೆಯದರ ಪ್ರಕಾರ ಕೌಂಟರಿನ ಒಳಗೆ. ಗಿರಿಧರ ಒಂದು ಖಾನೆ ತೆಗೆಯುವಷ್ಟರಲ್ಲಿ ಸರದಿ ರಸ್ತೆಗೆ ಮುಟ್ಟುತ್ತಿತ್ತು, ಹಾಗಾಗಿ ಹತ್ತೊಂಬತ್ತನೇ ನಿರ್ಣಯವು ರೋಗಿಯ ಸಂಬಂಧಿಕರು ಔಷಧವನ್ನು ತಾವೇ ಎತ್ತಿಕೊಳ್ಳಬಹುದೆಂದು ಅನುಮತಿ ನೀಡಿತು. ಸತ್ಯಭಾಮಾಬಾಯಿ ಎದ್ದು ನಿಂತು ಮೊದಲು ಮಾಡಿದ ಕೆಲಸವೆಂದರೆ ಗಿರಿಧರನ ಸೈಜುಗಳನ್ನೆಲ್ಲ ಬಿಚ್ಚಿ ಹಳೆಯ ಕ್ರಮದಲ್ಲಿ ಇಟ್ಟದ್ದು. ಅವರು ನಿಂತ ಜಾಗದಲ್ಲಿ ನೆಲದ ಹಾಸುಗಲ್ಲು ಹದಿನೇಳು ವರ್ಷದಿಂದ ಸವೆದು ನುಣುಪಾಗಿತ್ತು.

ಇಷ್ಟಾದ ಮೇಲೆ ಗಿರಿಧರ ಒಂದು ನ್ಯಾಯವಾದ ಪ್ರಶ್ನೆ ಎತ್ತಿದ. ಮೇಲ್ವಿಚಾರಣೆ ಸಹಾಯಕ ಸಿಬ್ಬಂದಿಗೆ ತಾನೆ? ಸಿಬ್ಬಂದಿಯೇ ಇಲ್ಲದ ಕಡೆ ತಾನು ಯಾರನ್ನು ನೋಡುತ್ತ ಕೂರಬೇಕು? ನಾನು ಸುತ್ತೋಲೆ ತೆಗೆದು ನೋಡಿದೆ, ಅವನ ಮಾತು ಸರಿಯಾಗಿತ್ತು. ಸರ್ಟಿಫಿಕೇಟನ್ನು ಇಲ್ಲಿ ಬಿಟ್ಟು ಇತವಾರಿಗೆ ಹೋಗಲು ಅವನಿಗೆ ಅನುಮತಿ ಕೊಟ್ಟೆವು. ಹೋಗುವಾಗ ಅವನೂ ಒಂದು ಏಳನೇ ನಮೂನೆ ತುಂಬಿ ಹೋದ.

ಅಕ್ಟೋಬರಿನಲ್ಲಿ ಕಾಶೀನಾಥ ಮತ್ತೆ ಬಂದರು. ಸಹಾಯಕ ಸಿಬ್ಬಂದಿ ಎಷ್ಟು ಎಂದು ಕೇಳಿದರು. ಯಾರೂ ಇಲ್ಲ ಎಂದೆ. ಅವರು ಕೌಂಟರಿನ ಕಡೆ ನೋಡಿದರು.

"ಹಂಗಾರ ಒಳಗ ನಿಂತಾಕಿ ಯಾರು?"

"ಗಿರಾಕಿಗಳ ಸೋದರತ್ತೆ," ಎಂದು ನಾನು ಸಾವಿರದ ನಾನೂರ ಹನ್ನೆರಡು ನಮೂನೆಗಳ ಕಟ್ಟನ್ನು ಮುಂದಿಟ್ಟೆ.

ಅವರು ಅಳತೆ ಪಟ್ಟಿಯನ್ನು ಕಿಸೆಯಿಂದ ತೆಗೆದು, ಏನನ್ನು ಅಳೆಯಬೇಕೆಂದು ಯೋಚಿಸಿ, ಮತ್ತೆ ಕಿಸೆಗೆ ಹಾಕಿಕೊಂಡರು. ವರದಿಯಲ್ಲಿ ಅನರ್ಹ ಸಿಬ್ಬಂದಿ ಸೊನ್ನೆ, ಪಾಲನೆ ಸಂಪೂರ್ಣ, ಇತರ ಅಂಗಡಿಗಳಿಗೆ ಮಾದರಿ ಎಂದು ಬರೆದರು. ಸಹಿ ಮಾಡಿ ಮುಗಿಸಿ, ಅದೇ ಕಿಸೆಯಿಂದ ತಮ್ಮ ತಾಯಿಯ ಔಷಧ ಚೀಟಿ ತೆಗೆದರು. ಎಂಟು ದಿನದಿಂದ ಊರೆಲ್ಲ ತಿರುಗಿದರೂ ಅದನ್ನು ಯಾರಿಗೂ ಓದಲಾಗಿರಲಿಲ್ಲವಂತೆ. ನಮೂನೆ ತುಂಬಿ ಸರದಿಯಲ್ಲಿ ನಿಂತರು. ಸಂಬಂಧದ ಜಾಗದಲ್ಲಿ ಚಿಗವ್ವ ಎಂದು ಬರೆದಿದ್ದರು.

ವರ್ಷಾಂತ್ಯದ ತಪಾಸಣೆಯಲ್ಲಿ ಒಂದೇ ಒಂದು ಲೋಪ ಸಿಕ್ಕಿತು. ಐದು ತಿಂಗಳಿಂದ ರಕ್ತದೊತ್ತಡದ ಮಾತ್ರೆ ಪಡೆಯುತ್ತಿದ್ದ ಗೌರವ ಕಾರ್ಯದರ್ಶಿಯ ನಮೂನೆ ಕಟ್ಟಿನಲ್ಲಿರಲಿಲ್ಲ. ನಾನು ಕೂತು ತುಂಬಿದೆ. ಅವರು ನನ್ನನ್ನು ಅಣ್ಣಾರ ಎನ್ನುವುದರಿಂದ ತಂಗಿ ಎಂದು ಬರೆಯಬೇಕಿತ್ತು. ಅವರ ಬಿಡುಗಡೆಯ ಪ್ರಕಟಣೆ ಬರೆದ ಪೆನ್ನು ಅದೇ, ಶಾಯಿ ಅದೇ. ಖಾಲಿ ಜಾಗದಲ್ಲಿ "ತಾಯಿ" ಎಂದು ಬರೆದೆ.

ಬೋಪಣ್ಣನವರು ಕನ್ನಡಕದ ಮೇಲಿಂದ ನೋಡಿದರು. ಮಗನಿಗೆ ಅರವತ್ತೊಂಬತ್ತು, ತಾಯಿಗೆ ಐವತ್ತನಾಲ್ಕು ಎಂದು ತೋರಿಸಿದರು. ಇಪ್ಪತ್ತೆಂಟನೇ ನಿರ್ಣಯದಿಂದ ವಯಸ್ಸಿನ ಷರತ್ತನ್ನು ಸಡಿಲಿಸಲಾಯಿತು.

ಸತ್ಯಭಾಮಾಬಾಯಿ ನನ್ನ ನಮೂನೆಯನ್ನು ಡಾಕ್ಟರ ಚೀಟಿ ಓದುವಂತೆಯೇ ಪೂರ್ತಿ ಓದಿ, ಮೊಹರು ಒತ್ತಿ, ಕಟ್ಟಿನೊಳಗೆ ಸೇರಿಸಿದರು. ಖಾನೆಯಿಂದ ಮಾತ್ರೆ ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಊಟಾ ಆದ ಮ್ಯಾಲ ಒಂದು ನುಂಗು, ಮಗಾ," ಎಂದರು. "ಉಪ್ಪು ಕಡಿಮಿ ಮಾಡು."

ಸರದಿಯಲ್ಲಿದ್ದ ಯಾರೂ ನಗಲಿಲ್ಲ. ಹೂಂ ಅಮ್ಮಾ ಎಂದು ನಾನು ಪಕ್ಕಕ್ಕೆ ಸರಿದು ಮುಂದಿನವರಿಗೆ ದಾರಿ ಬಿಟ್ಟೆ.